ಕಾರ್ಬೊರೇಟರ್‌ಗೆ ಕೈಹಾಕುವ ಮುನ್ನ

ಹಳೆಯ ಎಂಜಿಬಿ ಕಾರು ಸ್ಟಾರ್ಟ್ ಆಗದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಕಡೆಗೆ. ಬಾನೆಟ್ ಎತ್ತಿದ ಕೂಡಲೇ ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್‌ಗಳು ಕವುಚಿಟ್ಟ ಜೋಡಿ ತಂಬಿಗೆಗಳಂತೆ ಎದುರಿಗೇ ಕೂತಿರುತ್ತವೆ, ತಿರುಗಿಸಲು ಸ್ಕ್ರೂಗಳೂ ಉಂಟು. ಆದರೆ ದೋಷ ಬಹಳ ಸಲ ಅಲ್ಲಿರುವುದಿಲ್ಲ.

1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ, 1798 ಸಿಸಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಇದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಕಾಣದ ಕಾರುಗಳಿಗೆ ರಸ್ತೆಗಿಳಿಯಲು ಕಾರು ಸುರಕ್ಷಿತವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಕಾರಿನಡಿ ನುಸುಳಿ ನೋಡುವ ಕೆಲಸವೂ ಮಾಲೀಕನ ತಲೆಗೇ ಬಂತು.

ಮೊದಲು ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡದೆ ಕಿವಿಗೊಡಿ. ಹಿಂಬದಿಯ ಎಸ್‌ಯು ಪೆಟ್ರೋಲ್ ಪಂಪ್ ಟಕಟಕ ಎಂದು ಬಡಿದು, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಬಡಿತ ನಿಲ್ಲದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನಲ್ಲಿ ಗಾಳಿ, ಇಲ್ಲವೇ ಪೆಟ್ರೋಲ್ ಎಲ್ಲೋ ಹೊರಗೆ ಹರಿಯುತ್ತಿದೆ. ಕೊನೆಯದು ಅಪಾಯ, ಕೂಡಲೇ ಕೀಲಿ ಆಫ್ ಮಾಡಿ. ಸದ್ದೇ ಇಲ್ಲವೇ? ಸುತ್ತಿಗೆಯ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿ. ಎಚ್ಚೆತ್ತರೆ ಅದರೊಳಗಿನ ಪಾಯಿಂಟ್ (ವಿದ್ಯುತ್ ಕೂಡಿಸಿ ಬಿಡಿಸುವ ಲೋಹದ ತುದಿ) ಸವೆದಿದೆ ಎಂದರ್ಥ. ಮನೆ ತಲುಪಲು ಇಷ್ಟು ಸಾಕು, ಊರು ಸುತ್ತಲು ಸಾಲದು.

ಮುಂದೆ ವಿದ್ಯುತ್ತು. ಬ್ಯಾಟರಿ ಇರುವುದು ಸೀಟುಗಳ ಹಿಂದೆ, ನೆಲದ ಮುಚ್ಚಳದಡಿ. 1974ರವರೆಗಿನವುಗಳಲ್ಲಿ 6 ವೋಲ್ಟಿನವು ಎರಡು. 1967ಕ್ಕಿಂತ ಹಿಂದಿನ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್, ಅಂದರೆ ಕಾರಿನ ಲೋಹದ ಮೈಗೆ ಸೇರಿದ್ದು. ಹೊಸ ಕಾರಿನ ರೂಢಿಯಲ್ಲಿ ತಂತಿ ಜೋಡಿಸಿದರೆ ಕೆಟ್ಟಿರಿ. ಟರ್ಮಿನಲ್, ಅರ್ತ್ ತಂತಿ ಎರಡನ್ನೂ ಹೊಳೆಯುವಂತೆ ಉಜ್ಜಿ.

ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು ಒಳಗೆ ಬಿರುಕು, ತೇವ ನೋಡಿ. ಇಲ್ಲಿನ ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.35ರಿಂದ 0.40 ಮಿ.ಮೀ., ಪ್ಲಗ್‌ನದು 0.64 ಮಿ.ಮೀ. ಅಂತರ ಅಳೆಯುವ ತೆಳು ತಗಡು, ಫೀಲರ್ ಗೇಜ್, ಕೊಂಚ ತಡೆದು ಜಾರಬೇಕು. ಎಂಜಿನ್ ಬಿಸಿಯಾದ ಮೇಲಷ್ಟೇ ನಿಂತುಹೋಗಿ, ತಣ್ಣಗಾದ ಮೇಲೆ ಏನೂ ಆಗದಂತೆ ಓಡಿದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ ಸಂಶಯಪಡಿ. ಚೆನ್ನಾಗಿ ಓಡಿದ ಹಳೆಯ ಕಂಡೆನ್ಸರ್ ಇದ್ದರೆ ಬಿಸಾಡಬೇಡಿ, ಡಿಕ್ಕಿಯಲ್ಲಿರಲಿ.

ಟ್ಯಾಪೆಟ್ ಅಂತರ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಜಾಗ) ತಣ್ಣನೆಯ ಎಂಜಿನ್ನಿನಲ್ಲಿ 0.38 ಮಿ.ಮೀ. ಇಲ್ಲೊಂದು ಸೊಗಸಾದ ಲೆಕ್ಕವಿದೆ: ವಾಲ್ವ್ ಎಂಟು, ತೆರೆದಿರುವುದರ ಮತ್ತು ಹೊಂದಿಸಬೇಕಾದುದರ ಸಂಖ್ಯೆ ಕೂಡಿದರೆ ಒಂಬತ್ತು. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರನೆಯದು ತೆರೆದಾಗ ಮೂರನೆಯದನ್ನು. ಗ್ಯಾರೇಜಿನವರು ಬಾಯಲ್ಲೇ ಎಣಿಸಿ ಮುಗಿಸುವುದು ಹೀಗೆ.

ಈಗ ಬೇಕಾದರೆ ಕಾರ್ಬೊರೇಟರ್. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್‌ನೊಳಗಿನ ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಡಿ, ತಾನಾಗಿ ಇಳಿದು ಕಟ್ ಎಂದು ಕೂರಬೇಕು. ಮೇಲಿನ ಡ್ಯಾಂಪರ್ (ಪಿಸ್ಟನ್ ಏರುವ ವೇಗ ತಗ್ಗಿಸುವ ಕಡ್ಡಿ) ಮುಚ್ಚಳ ಬಿಚ್ಚಿ ಮತ್ತೆ ಇಳಿಸುವಾಗ, ಇನ್ನು 6 ಮಿ.ಮೀ. ಉಳಿದಿರುವಂತೆ ಕೈಗೆ ತಡೆ ತಾಗಿದರೆ ಎಣ್ಣೆ ಸಾಕಷ್ಟಿದೆ. ಇಲ್ಲದಿದ್ದರೆ ತೆಳು ಎಣ್ಣೆ ತುಂಬಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸುವುದು ಎಷ್ಟೋ ಸಲ ಈ ನಾಲ್ಕು ಹನಿ ಎಣ್ಣೆಯಿಂದಲೇ ನಿಲ್ಲುತ್ತದೆ.

ಎಂಜಿನ್ನಿಗೆ 20ಡಬ್ಲ್ಯೂ-50 ಎಣ್ಣೆ. ಮುಂದಿನ ಚಕ್ರಗಳು ಎಡಬಲ ತಿರುಗುವ ಕೀಲಾದ ಕಿಂಗ್‌ಪಿನ್‌ಗೆ ಗ್ರೀಸ್ ಹೊಡೆಯುವಾಗ ಕಾರನ್ನು ಜ್ಯಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಭಾರ ಇಳಿಸಿಕೊಳ್ಳಿ. ಇಲ್ಲದಿದ್ದರೆ ಗ್ರೀಸ್ ಒಳಗೆ ಇಳಿಯುವುದೇ ಇಲ್ಲ.

ಕೊನೆಗೆ ರಬ್ಬರ್ ಪೈಪ್. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲೇ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು), ನಮ್ಮ ಬಂಕ್‌ಗಳಲ್ಲಿ ಇ20 (ಶೇ. 20). ಹಳೆಯ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪೈಪ್ ಮೆದುವಾಗಿ, ಬಿರುಕು ಬಿಟ್ಟು, ಬಿಸಿ ಎಗ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತದೆ. ಬೆರಳಿಂದ ಹಿಚುಕಿ ನೋಡಿ: ಬೆರಳಿಗೆ ಕಪ್ಪು ಹತ್ತಿದರೆ, ಎಥನಾಲ್ ತಡೆಯುವ ಪೈಪ್ ಹಾಕಿಸುವವರೆಗೆ ಕಾರು ಹೊರಗೆ ತೆಗೆಯಬೇಡಿ.