ಮೆಣಸಿನ ಪೊಟ್ಟಣ ಹಿಡಿದು ದೆಹಲಿಗೆ ಹೋದದ್ದು

2017ರ ಜೂನ್‌ನಲ್ಲಿ ನಮ್ಮ ಹೋಬಳಿಯ ಬೆಳೆಗಾರರ ಸಂಘ ಬರೆದ ಮೊದಲ ಮನವಿ 11 ಪುಟ ಇತ್ತು. ಕಾಡಾನೆ, ಕರೆಂಟು, ಕಾಫಿ ರೇಟು, ಆಳಿನ ಕೊರತೆ, ಹಾಳಾದ ರಸ್ತೆ, ಕರಿಮೆಣಸಿನ ಬೆಲೆ, ಎಲ್ಲವನ್ನೂ ಅದರಲ್ಲೇ ತುಂಬಿದ್ದೆವು. ಕೇಂದ್ರ ಕೃಷಿ ಸಚಿವರ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದು ನಾನೇ. ಎರಡು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ವಿಷಯ ನಮಗೆ ಸೇರಿದ್ದಲ್ಲ, ಸಂಬಂಧಪಟ್ಟ ಸಚಿವಾಲಯಕ್ಕೆ ಕಳಿಸಿದ್ದೇವೆ ಅಂತ.

ತಪ್ಪು ನಮ್ಮದೇ. ತೋಟದಲ್ಲಿ ಬೆಳೆಯುವುದೆಲ್ಲ ಕೃಷಿ ಇಲಾಖೆಯದ್ದು ಎಂದುಕೊಂಡಿದ್ದೆವು. ಕೊಡಗಿನ ಸೋಮವಾರಪೇಟೆ ತಾಲೂಕಿನಲ್ಲಿ ನನ್ನದು ಆರು ಎಕರೆ ಕಾಫಿ. ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ. ಇಷ್ಟು ವರ್ಷ ಅದರ ಮಧ್ಯೆಯೇ ಓಡಾಡಿದರೂ, ಕಾಫಿ ಮಂಡಳಿ 1942ರ ಕಾಯ್ದೆಯ ಕೂಸು, ಅದು ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ ಎಂದು ನನಗೆ ಸರಿಯಾಗಿ ಗೊತ್ತಾಗಿದ್ದು ಆ ಎರಡು ಸಾಲಿನ ಪತ್ರದಿಂದ. ಮೆಣಸನ್ನು ನೋಡಿಕೊಳ್ಳುವ ಸಾಂಬಾರ ಮಂಡಳಿಯೂ ಅದೇ ಸಚಿವಾಲಯದ್ದು. ಕೊಚ್ಚಿಯಲ್ಲಿದೆ.

ಅವತ್ತು ರಾತ್ರಿ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಂಡೆ. ಆಮದು ಸುಂಕ ಹಣಕಾಸು ಸಚಿವಾಲಯಕ್ಕೆ. ಆಮದಿಗೆ ಷರತ್ತು ಹಾಕುವುದು ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಬಂದ ಮಾಲಿನ ಗುಣಮಟ್ಟ ನೋಡುವುದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ. ಬೆಳೆ ಹಾನಿ ಪರಿಹಾರದ ದರ ಕೇಂದ್ರ ಗೃಹ ಸಚಿವಾಲಯದಿಂದ. ಜಮೀನು, ಕರೆಂಟು ಎರಡೂ ಬೆಂಗಳೂರಿಗೆ. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿರುವ ಸಂಶೋಧನಾ ಕೇಂದ್ರ ಮಾತ್ರ ಕೃಷಿ ಸಚಿವಾಲಯದ ಕಡೆಯದ್ದು. ಬಳ್ಳಿಗೆ ರೋಗ ಬಂದರೆ ಒಂದು ಸಚಿವಾಲಯ, ಅದೇ ಬಳ್ಳಿಯ ಮೆಣಸಿಗೆ ಬೆಲೆ ಬಿದ್ದರೆ ಇನ್ನೊಂದು. ಆ ಹಾಳೆ ಈಗಲೂ ನಮ್ಮ ಸಂಘದ ಫೈಲಿನ ಮೊದಲ ಪುಟ. ಹೊಸಬರು ಯಾರೇ ಬಂದರೂ ಅದನ್ನೇ ಮೊದಲು ಓದಿಸುತ್ತೇನೆ.

ಆಗ ನಮ್ಮನ್ನು ಸುಡುತ್ತಿದ್ದದ್ದು ಮೆಣಸಿನ ಬೆಲೆ. 2016ರಲ್ಲಿ ಕೆಜಿಗೆ 650 ರೂಪಾಯಿಗೆ ಕೊಟ್ಟಿದ್ದೆ. 2017ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ 420 ಕೇಳುತ್ತಿದ್ದರು. ವಿಯೆಟ್ನಾಂನಿಂದ ನೇರವಾಗಿ ತರಿಸಿದರೆ 50 ಪರ್ಸೆಂಟಿಗಿಂತ ಜಾಸ್ತಿ ಸುಂಕ. ಶ್ರೀಲಂಕಾದ ಮೆಣಸಿಗೆ ಒಪ್ಪಂದದ ಪ್ರಕಾರ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರ ಮೇಲೆ ದಕ್ಷಿಣ ಏಷ್ಯಾ ಒಪ್ಪಂದದಲ್ಲಿ 8 ಪರ್ಸೆಂಟ್. ವಿಯೆಟ್ನಾಂ ಮೆಣಸು ಶ್ರೀಲಂಕಾದ ಕಾಗದ ಹೊತ್ತು ಬರುತ್ತಿದೆ ಎನ್ನುವುದು ಕೊಡಗು, ಚಿಕ್ಕಮಗಳೂರು, ಹಾಸನ, ವಯನಾಡು, ಇಡುಕ್ಕಿ, ಎಲ್ಲ ಕಡೆಯ ಬೆಳೆಗಾರರ ದೂರು.

ದೂರು ಸರಿ, ಲೆಕ್ಕ ಎಲ್ಲಿ? ಒಬ್ಬ ನಿವೃತ್ತ ಅಧಿಕಾರಿ, ನಮ್ಮೂರಿನ ಅಳಿಯ, ನನ್ನನ್ನು ಕೂರಿಸಿಕೊಂಡು ಇದನ್ನೇ ಕೇಳಿದರು. "ನಿಮ್ಮ ಹೋಬಳಿಯಲ್ಲಿ ಒಂದು ಕೆಜಿ ಮೆಣಸು ಬೆಳೆಯೋಕೆ ಎಷ್ಟು ಖರ್ಚು ಹೇಳಿ ನೋಡೋಣ." ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದೆ. "ಕಾಗದ ಇದೆಯಾ?" ಅಂದರು. ಇರಲಿಲ್ಲ.

ಕಾಗದ ಸಿಕ್ಕಿದ್ದು ನಮ್ಮ ಪಕ್ಕದ ಮನೆಯಲ್ಲಿ. ನಾನು ಚಿಕ್ಕಮ್ಮ ಅಂತಲೇ ಕರೆಯುವ ಹಿರಿಯರೊಬ್ಬರಿದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಮೂರೂವರೆ ಎಕರೆ ತೋಟವನ್ನು ಒಬ್ಬರೇ ನಡೆಸುತ್ತಾರೆ. ಅವರ ಹತ್ತಿರ ಇನ್ನೂರು ಪುಟದ ನೋಟ್‌ಬುಕ್ ಒಂದಿತ್ತು. ಮೇಲೆ ಮೊಮ್ಮಗಳ ಹೆಸರು, ಒಳಗೆ ತೋಟದ ಲೆಕ್ಕ. ಯಾವ ದಿನ ಎಷ್ಟು ಆಳು, ಯಾರು ಏಣಿ ಹತ್ತಿದರು, ಯಾರು ಕೆಳಗೆ ಕಾಳು ಆಯ್ದರು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು. ಹಸಿ ಮೆಣಸು ತೂಗಿದ್ದು ಒಂದು ಸಾಲು, ಕಣದಲ್ಲಿ ಒಣಗಿದ ಮೇಲೆ ತೂಗಿದ್ದು ಅದರ ಕೆಳಗೆ. ನೂರು ಕೆಜಿ ಹಸಿಗೆ ಮೂವತ್ತಮೂರು, ಮೂವತ್ತನಾಲ್ಕು ಕೆಜಿ ಒಣ ಮೆಣಸು. ಆಳು ಬಿದ್ದು ಕಾಲು ಮುರಿದುಕೊಂಡ ದಿನ ಕೆಂಪು ಶಾಯಿಯಲ್ಲಿ "ಆಸ್ಪತ್ರೆ 3,200" ಅಂತ ಬರೆದಿದ್ದರು. ಆ ಪುಟ ನೋಡಿ ನನಗೆ ಗಂಟಲು ಕಟ್ಟಿತು. ನಾವು ಹನ್ನೊಂದು ಪುಟದಲ್ಲಿ ಹೇಳಲಾಗದ್ದು ಅಲ್ಲಿತ್ತು.

ಆ ನೋಟ್‌ಬುಕ್ಕನ್ನೇ ಮಾದರಿ ಮಾಡಿಕೊಂಡೆವು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಮಳೆಯಲ್ಲಿ ಕೊಡೆ ಹಿಡಿದು ಮನೆ ಮನೆಗೆ ಹೋದೆವು. ಒಟ್ಟು 62 ಮನೆ. ಎಲ್ಲರ ಹತ್ತಿರವೂ ಲೆಕ್ಕ ಇರಲಿಲ್ಲ. ಲೆಕ್ಕ ಇಲ್ಲದವರ ಹೆಸರಿನ ಮುಂದೆ ಲೆಕ್ಕ ಇಲ್ಲ ಎಂದೇ ಬರೆದೆವು. ಅಂದಾಜು ಸೇರಿಸಿ ಹಿಗ್ಗಿಸೋಣ ಎಂದವರಿದ್ದರು. ನಾನು ಒಪ್ಪಲಿಲ್ಲ. ಒಂದು ಸುಳ್ಳು ಸಂಖ್ಯೆ ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ದೆಹಲಿಗೆ ಹೋಗಲು ದುಡ್ಡು ಬೇಕಲ್ವಾ. ಒಬ್ಬ ವ್ಯಾಪಾರಿ ನಾಲ್ಕು ಜನರ ವಿಮಾನದ ಟಿಕೆಟ್ ಕೊಡುತ್ತೇನೆ ಎಂದು ಮುಂದೆ ಬಂದರು. ಸಭೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ನಮ್ಮಲ್ಲೇ ಕೆಲವರು ಬೆಳೆಗಾರರೂ ಹೌದು, ವ್ಯಾಪಾರಿಗಳೂ ಹೌದು. ಹೊರಗಿನ ಮೆಣಸು ಬಂದರೆ ಅವರಿಗೆ ನಷ್ಟ ಒಂದು ಕೈಯಲ್ಲಿ, ಲಾಭ ಇನ್ನೊಂದು ಕೈಯಲ್ಲಿ. ಕೊನೆಗೆ ಚಿಕ್ಕಮ್ಮನೇ ದಾರಿ ಹೇಳಿದರು. ಮನೆಗೆ ಒಂದು ಕಿಲೋ ಮೆಣಸು ಕೊಡಿ ಅಂದರು. 62 ಮನೆ, 62 ಕಿಲೋ. ಮಾರಿದಾಗ 26,000 ಚಿಲ್ಲರೆ ಬಂತು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಸ್ಲೀಪರ್ ಟಿಕೆಟ್ ತೆಗೆದೆವು.

ಹೋಗುವ ಮೊದಲು ಮನವಿಯನ್ನು ಒಂದು ಪುಟಕ್ಕೆ ಇಳಿಸಿದೆ. ಒಂದೇ ಬೇಡಿಕೆ: ಕರಿಮೆಣಸಿಗೆ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗಕ್ಕೆ ಹೊರಗಿನಿಂದ ತರಿಸುವಂತಿಲ್ಲ ಎನ್ನುವ ಮಿತಿ, ನಿಗದಿ ಮಾಡಿ. ಕಾಡಾನೆ ಬಿಟ್ಟದ್ದಕ್ಕೆ ಸಿದ್ದಾಪುರ ಕಡೆಯ ನೆಂಟರು ಬೇಜಾರು ಮಾಡಿಕೊಂಡರು. ಅವರ ಬೇಜಾರಿನಲ್ಲಿ ನ್ಯಾಯ ಇತ್ತು, ಅಲ್ಲಿ ಜನ ಸಾಯುತ್ತಿದ್ದಾರೆ. ಆದರೆ ವಾಣಿಜ್ಯ ಸಚಿವಾಲಯದ ಮೇಜಿನ ಮೇಲೆ ಆನೆಯ ವಿಷಯ ಇಟ್ಟರೆ ಆ ಕಾಗದ ಮತ್ತೆ ಅಲೆಯಲು ಹೊರಡುತ್ತದೆ. ಅದಕ್ಕೆ ಬೇರೆ ಪತ್ರ, ಬೇರೆ ಬಾಗಿಲು.

ನವೆಂಬರ್ ಮೊದಲ ವಾರ, ಆಗ ವಾಣಿಜ್ಯ ಸಚಿವಾಲಯ ಇದ್ದ ಉದ್ಯೋಗ ಭವನಕ್ಕೆ ಹೋದೆವು. ಪಾಸ್ ಮಾಡಿಸಲು ಒಂದು ಗಂಟೆ. ನನ್ನ ಚೀಲದಲ್ಲಿ ಎರಡು ಪೊಟ್ಟಣ. ಒಂದರಲ್ಲಿ ಚಿಕ್ಕಮ್ಮನ ತೋಟದ ಪಣಿಯೂರು ತಳಿಯ ಮೆಣಸು, ಇನ್ನೊಂದರಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಕೊಂಡ ಆಮದು ಮೆಣಸು. ಎರಡನ್ನೂ ಒಂದೇ ಲೀಟರ್ ಪಾತ್ರೆಯಲ್ಲಿ ಅಳೆದು ತೂಗಿ, ತೂಕವನ್ನು ಪೊಟ್ಟಣದ ಮೇಲೆ ಬರೆದಿದ್ದೆ. ನಮ್ಮದು 565 ಗ್ರಾಂ, ಅದು 490. ಅಧಿಕಾರಿ ಎರಡರಿಂದಲೂ ಒಂದೊಂದು ಕಾಳು ತೆಗೆದು ಉಗುರಿನಲ್ಲಿ ಒತ್ತಿದರು. ಅಂಗಡಿಯದ್ದು ಪುಡಿಯಾಯಿತು, ಒಳಗೆ ಟೊಳ್ಳು. ನಮ್ಮದು ಜಗ್ಗಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾವು ಸಿದ್ಧವಾಗಿರಲಿಲ್ಲ. ಮೆಣಸು ತರಿಸಿ, ಎಣ್ಣೆ, ಓಲಿಯೊರೆಸಿನ್ ಎನ್ನುವ ಗಟ್ಟಿ ಸಾರ ಮಾಡಿ ಮತ್ತೆ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳಿವೆಯಲ್ಲ, ಅವರಿಗೆ ಏನು ಹೇಳಲಿ? ಅವರೂ ಬಂದು ಮನವಿ ಕೊಟ್ಟಿದ್ದಾರೆ. ನಾನು ಒಂದು ನಿಮಿಷ ಸುಮ್ನೆ ಇದ್ದೆ. ರಫ್ತಿಗೆ ತಂದದ್ದು ರಫ್ತಿಗೇ ಹೋಗಲಿ, ಊರ ಮಾರುಕಟ್ಟೆಗೆ ಇಳಿಯದಂತೆ ನೋಡಿಕೊಳ್ಳಿ ಅಂದೆ. ಈಗ ಯೋಚಿಸಿದರೆ ಉತ್ತರ ತಪ್ಪಿರಲಿಲ್ಲ, ಆದರೆ ಹೇಗೆ ನೋಡಿಕೊಳ್ಳಬೇಕು ಎಂದು ಎರಡು ಸಾಲು ಬರೆದುಕೊಂಡು ಹೋಗಬೇಕಿತ್ತು. ಎದುರು ಪಕ್ಷ ಏನು ಕೇಳುತ್ತದೆ ಎಂದು ತಿಳಿಯದೆ ಹೋಗಬಾರದು. ಅವರ ಮಾತಿನಲ್ಲೂ ಅವರ ಕಾರ್ಮಿಕರ ಹೊಟ್ಟೆಪಾಡು ಇರುತ್ತದೆ.

2017ರ ಡಿಸೆಂಬರ್ 6ರಂದು ಅಧಿಸೂಚನೆ ಬಂತು. ಕರಿಮೆಣಸಿಗೆ ಕನಿಷ್ಠ ಆಮದು ಬೆಲೆ ಕೆಜಿಗೆ 500 ರೂಪಾಯಿ. ನಮ್ಮ ನಾಲ್ಕು ಜನರಿಂದ ಆದದ್ದು ಎಂದು ನಾನು ಯಾವತ್ತೂ ಹೇಳಿಲ್ಲ. ಕರ್ನಾಟಕ, ಕೇರಳದ ಎಷ್ಟೋ ಸಂಘಟನೆಗಳು, ಸಂಸದರು ಹಿಂದೆ ಬಿದ್ದಿದ್ದರು. 1893ರಲ್ಲಿ ಹುಟ್ಟಿದ ಉಪಾಸಿಯಂಥ ಪ್ಲಾಂಟರ್‌ಗಳ ಸಂಸ್ಥೆಗೆ ಇರುವ ಕಚೇರಿ, ಸಿಬ್ಬಂದಿ, ಹಳೆಯ ಕಡತ ನಮ್ಮಂಥ ಹೋಬಳಿ ಸಂಘಕ್ಕೆ ಎಲ್ಲಿಂದ ಬರಬೇಕು? ಆದರೆ ಸಣ್ಣ ಬೆಳೆಗಾರರ ಮನೆ ಮನೆಯ ಲೆಕ್ಕ ನಮ್ಮ ಹತ್ತಿರ ಇತ್ತು. ದೊಡ್ಡ ಸಂಘಟನೆಯವರೇ ಫೋನ್ ಮಾಡಿ ಅದನ್ನು ತರಿಸಿಕೊಂಡರು. ಅಲ್ಲಿಂದ ನಮ್ಮನ್ನೂ ಸಭೆಗೆ ಕರೆಯಲು ಶುರು ಮಾಡಿದರು.

ಅಧಿಸೂಚನೆ ಬಂದ ದಿನ ಊರಲ್ಲಿ ಸಿಹಿ ಹಂಚಿದೆವು. ಬೆಲೆ ಮಾತ್ರ ಏರಲಿಲ್ಲ. 2018ರ ಮಾರ್ಚ್‌ನಲ್ಲಿ ನಿಯಮ ಬಿಗಿಯಾಯಿತು, 500ಕ್ಕಿಂತ ಕಡಿಮೆ ಬೆಲೆಯ ಆಮದು ನಿಷೇಧ ಅಂತ. ಆಗಲೂ ಇಳಿಯುತ್ತಲೇ ಹೋಯಿತು. ಕಾಗದದ ಮೇಲೆ 500 ತೋರಿಸಿ ತರಿಸುತ್ತಿದ್ದಾರೆ ಎಂದು ಬೆಳೆಗಾರರು ದೂರು ಕೊಟ್ಟರು. ರಫ್ತಿಗಾಗಿ ತರಿಸುವವರಿಗೆ ಆಮೇಲೆ ವಿನಾಯಿತಿಯೂ ಸಿಕ್ಕಿತು. ಪ್ರಪಂಚದಲ್ಲೇ ಮೆಣಸು ಜಾಸ್ತಿ ಬೆಳೆದಿದ್ದ ಕಾಲ ಅದು. ಒಂದು ಆದೇಶ ಅದನ್ನು ಪೂರ್ತಿ ತಡೆಯಲಾರದು ಎಂದು ನಮ್ಮ ಸದಸ್ಯರಿಗೆ ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ಆಸೆ ಹುಟ್ಟಿಸಿದ್ದೆ. ಮುಂದಿನ ಕೊಯ್ಲಿನಲ್ಲಿ ಚಿಕ್ಕಮ್ಮ 350ಕ್ಕೆ ಮಾರಿದರು. ನನಗೆ ಒಂದು ಮಾತೂ ಅನ್ನಲಿಲ್ಲ.

ಆದೇಶ ಬಂದ ಮೇಲೂ ಕೆಲಸ ಇದೆ ಎಂದು ಆಗ ಕಲಿತೆ. ಆರ್‌ಟಿಐ ಅರ್ಜಿಗೆ 10 ರೂಪಾಯಿ. ಯಾವ ತಿಂಗಳು ಎಷ್ಟು ಮೆಣಸು ಬಂತು, ಯಾವ ಬೆಲೆ ತೋರಿಸಿದರು ಎಂದು ಕೇಳಬಹುದು. ಸಂಸದರಿಂದ ಲೋಕಸಭೆಯಲ್ಲಿ ಪ್ರಶ್ನೆ ಹಾಕಿಸಬಹುದು. ಅದಕ್ಕೆ 15 ದಿನ ಮೊದಲೇ ನೋಟಿಸ್ ಕೊಡಬೇಕು. ನಾವೇ ಪ್ರಶ್ನೆ ಬರೆದುಕೊಟ್ಟರೆ ಅವರ ಆಪ್ತ ಸಹಾಯಕರಿಗೆ ಸುಲಭ. ಸದನದಲ್ಲಿ ಬಂದ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಮುಂದಿನ ಮನವಿಗೆ ಅದನ್ನೇ ಲಗತ್ತಿಸಬಹುದು. ಬಜೆಟ್ಟಿಗೆ ಬೇಡಿಕೆ ಕೊಡುವ ಕಾಲ, ಬೆಳಗಾವಿ ಅಧಿವೇಶನ, ಎರಡೂ ನಮಗೆ ಕಾಫಿ ಕೊಯ್ಲಿನ ಹೊತ್ತಿಗೇ ಬೀಳುತ್ತವೆ. ಕಣದಲ್ಲಿ ಕಾಫಿ ಚೆರಿ ಹರಡಿಟ್ಟು ಬೆಳಗಾವಿಗೆ ಹೋಗಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ನಾವು ಅಕ್ಟೋಬರ್‌ನಲ್ಲೇ ಕಾಗದ ಸಿದ್ಧ ಮಾಡಿಬಿಡುತ್ತೇವೆ.

2018ರ ಆಗಸ್ಟ್‌ನ ಮಳೆ ಎಲ್ಲವನ್ನೂ ಬದಲಾಯಿಸಿತು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ ಕಡೆ ತೋಟಕ್ಕೆ ತೋಟವೇ ಜಾರಿ ಹೋಯಿತು. ಆಗಿನ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ, ಹಾನಿ 33 ಪರ್ಸೆಂಟ್ ದಾಟಿರಬೇಕು. ಕಾಫಿ ಗಿಡ ಹೊಸದಾಗಿ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು ಎನ್ನುವುದು ಆ ದರದಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಅದಕ್ಕಿಂತ ನೋವು ಕೊಟ್ಟದ್ದು ಪಹಣಿ. ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಸೇರಿ ಬಂದ ಜಮ್ಮಾ ಜಮೀನಿನಲ್ಲಿ ಪಹಣಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರಿನಲ್ಲಿರುತ್ತದೆ. ಅವರು ಎಷ್ಟೋ ಕಡೆ ತೀರಿಹೋದ ಅಜ್ಜ. ತೋಟ ಮಾಡುವವರು ಮೊಮ್ಮಕ್ಕಳು, ಅಣ್ಣತಮ್ಮಂದಿರು, ಒಬ್ಬೊಬ್ಬರದ್ದು ಒಂದೊಂದು ಭಾಗ. ಪರಿಹಾರದ ಅರ್ಜಿ ಹಿಡಿದು ಹೋದರೆ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿಲ್ಲ ಎನ್ನುತ್ತಾರೆ. ಗುಡ್ಡ ಜಾರಿದ್ದು ಕಣ್ಣೆದುರಿಗಿದೆ, ಹೆಸರಿಲ್ಲ. ಒಬ್ಬ ಅಣ್ಣ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಮಣ್ಣು ಮೆತ್ತಿದ ಕಂದಾಯದ ರಸೀದಿ ಬಿಡಿಸಿ ಬಿಡಿಸಿ ತೋರಿಸುತ್ತಿದ್ದುದು ನನಗೆ ಇನ್ನೂ ಮರೆತಿಲ್ಲ. ಇದನ್ನು ದೆಹಲಿಯಲ್ಲಿ ಹೇಳಿದರೆ ಅರ್ಥವಾಗದು, ಬೆಂಗಳೂರಿನಲ್ಲೂ ಅರ್ಧ ಗಂಟೆ ವಿವರಿಸಬೇಕು. ನಾವು ಒಂದು ಕುಟುಂಬದ ವಂಶವೃಕ್ಷ, ಒಂದು ಪಹಣಿ, ಆ ಸರ್ವೆ ನಂಬರಿನ ಎರಡು ಫೋಟೋ ಒಂದೇ ಹಾಳೆಯಲ್ಲಿ ಹಾಕಿಸಿದೆವು. ಅದನ್ನು ನೋಡಿದ ಮೇಲೆ ವಿವರಣೆ ಐದು ನಿಮಿಷಕ್ಕೆ ಇಳಿಯಿತು.

ಒಂದು ವಿಷಯದಲ್ಲಿ ಸಂಘದೊಳಗೇ ನಾನು ಒಂಟಿಯಾದೆ. 2024ರ ಜುಲೈ 31ರಂದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಕೇಂದ್ರದಿಂದ ಮತ್ತೆ ಬಂತು. ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ. ಒಂದೇ ಒಕ್ಕಣೆಯ ಪತ್ರ ಜೆರಾಕ್ಸ್ ಮಾಡಿ ಸಾವಿರ ಸಹಿ ಹಾಕಿಸೋಣ ಎಂದರು. ಗುಡ್ಡ ಜಾರುವುದಕ್ಕೂ ನಾವು ಗುಡ್ಡ ಕಡಿಯುವುದಕ್ಕೂ ಸಂಬಂಧವೇ ಇಲ್ಲ ಎಂದು ಅದರಲ್ಲಿತ್ತು. ನಾನು ಸಹಿ ಹಾಕಲಿಲ್ಲ. 2018ರಲ್ಲಿ ನೋಡಿದವನು ಹೇಗೆ ಹಾಕಲಿ? ಮನೆ ಕಟ್ಟಲು, ನೆರಳಿನ ಮರದ ಕೊಂಬೆ ಸವರಲು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಯಂತ್ರ ಇಡಲು ಯಾರ ಅನುಮತಿ ಬೇಕಾಗುತ್ತದೆ ಸ್ಪಷ್ಟ ಮಾಡಿ ಎಂದು ಕೇಳುವುದು ನ್ಯಾಯ. ನಮ್ಮ ಊರಿನ ಸರ್ವೆ ನಂಬರ್ ಹಾಕಿ ಅಷ್ಟನ್ನೇ ಬೇರೆ ಪತ್ರದಲ್ಲಿ ಬರೆದೆ. ಹದಿನೇಳು ಜನ ಸೇರಿಕೊಂಡರು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕರಡನ್ನು ತಿರಸ್ಕರಿಸಿತು. ನಮ್ಮ ಪ್ರಶ್ನೆಗಳು ಇನ್ನೂ ಹಾಗೇ ಇವೆ.

ಈಗ ಹೊಸ ಕೆಲಸ ಹಿಡಿದಿದ್ದೇವೆ. ಯುರೋಪಿನವರು ಅರಣ್ಯನಾಶ ತಡೆಯುವ ಕಾನೂನು ತಂದಿದ್ದಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಪ್ರತಿ ತೋಟ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಬೇಕು. ಜಾರಿ ಮುಂದೆ ಹೋಗಿದೆ, ಬಿಟ್ಟುಹೋಗಿಲ್ಲ. ಇಲ್ಲೂ ಮತ್ತೆ ಅದೇ ಪಟ್ಟೆದಾರರ ಪಹಣಿ ಎದುರಾಗುತ್ತದೆ: ಒಂದು ಸರ್ವೆ ನಂಬರ್, ಆರು ಮನೆ. ಹುಡುಗರು ಫೋನ್ ಹಿಡಿದು ತೋಟದ ಬೇಲಿ ಸುತ್ತುತ್ತಿದ್ದಾರೆ. ಚಿಕ್ಕಮ್ಮನ ತೋಟ ಮೊದಲು ಮುಗಿಯಿತು. ಅವರು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಆ ದಿನದ ಲೆಕ್ಕ ಬರೆದರು. ಇಬ್ಬರು ಹುಡುಗರು, ಅರ್ಧ ದಿನ, ಮಧ್ಯಾಹ್ನ ಊಟ ನಮ್ಮಲ್ಲಿ.