ಹಾವಿನ ಮರಿಗೆ ಕೊಡುವ ಇಲಿ ಎಷ್ಟು ದೊಡ್ಡದಿರಬೇಕು?

ಹಾವಿನ ಕೆಳದವಡೆಯ ಎಡ ಬಲ ಭಾಗಗಳು ಗದ್ದದಲ್ಲಿ ಒಂದೇ ಮೂಳೆಯಾಗಿ ಬೆಸೆದುಕೊಂಡಿರುವುದಿಲ್ಲ. ಹಿಗ್ಗಬಲ್ಲ ಅಂಗಾಂಶವೊಂದು ಅವೆರಡನ್ನೂ ಹಿಡಿದಿಟ್ಟಿರುತ್ತದೆ. ಆದುದರಿಂದಲೇ ಪೆನ್ಸಿಲಿನಷ್ಟು ತೆಳ್ಳಗಿರುವ ಮರಿಯೂ ತನ್ನ ತಲೆಗಿಂತ ಅಗಲವಾದ ಪ್ರಾಣಿಯನ್ನು ನುಂಗಬಲ್ಲದು. ಆದರೆ ನುಂಗಿದ್ದೆಲ್ಲವನ್ನೂ ಅರಗಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಹೊಸದಾಗಿ ಹಾವು ಸಾಕುವವರಲ್ಲಿ ಕೆಲವರು ಪುಟ್ಟ ತಲೆಯನ್ನು ಕಂಡು ಹೆದರಿ ತೀರಾ ಸಣ್ಣ ಆಹಾರವನ್ನೇ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ಇನ್ನು ಕೆಲವರು ಅಷ್ಟಗಲ ತೆರೆಯುವ ಬಾಯಿಯನ್ನು ನಂಬಿ, ಬೇಗ ಬೆಳೆಯಲೆಂದು ಅತಿ ದೊಡ್ಡದನ್ನು ಕೊಡುತ್ತಾರೆ. ಗಾತ್ರವನ್ನು ನಿರ್ಧರಿಸಬೇಕಾದದ್ದು ಹಾವಿನ ಮೈ ಮತ್ತು ತೂಕವನ್ನು ನೋಡಿ.

ಅಮೆರಿಕದ ಆಗ್ನೇಯ ಭಾಗಕ್ಕೆ ಸೇರಿದ, ಅಲ್ಲಿಯೂ ಬ್ರಿಟನ್ನಿನಲ್ಲಿಯೂ ಹೊಸಬರು ಹೆಚ್ಚಾಗಿ ಸಾಕುವ ಕಾರ್ನ್ ಸ್ನೇಕ್ ಎಂಬ ವಿಷರಹಿತ ಹಾವನ್ನೇ ಇಲ್ಲಿ ಮುಖ್ಯವಾಗಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಆ ದೇಶಗಳಲ್ಲಿ ನೆಲೆಸಿ, ಮಕ್ಕಳ ಆಸೆಗೆ ಮಣಿದು ಮನೆಗೆ ಹಾವು ತಂದಿರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರಬಹುದು. ಭಾರತದಲ್ಲಿರುವವರು ಒಂದು ಮಾತನ್ನು ನೆನಪಿಡಬೇಕು: ಕೇರೆ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ.

ಮೊದಲನೆಯ ಅಳತೆ ದಪ್ಪದ್ದು. ಹಾವು ಆರಾಮವಾಗಿ ಚಾಚಿಕೊಂಡಿರುವಾಗ ಅದರ ಮೈಯ ಅತ್ಯಂತ ದಪ್ಪನೆಯ ಭಾಗವನ್ನು ಗಮನಿಸಿ. ಇಲಿಯ ಅತ್ಯಂತ ದಪ್ಪನೆಯ ಭಾಗವು ಅದಕ್ಕೆ ಸಮನಾಗಿರಬೇಕು, ಹೆಚ್ಚೆಂದರೆ ಕಾಲು ಭಾಗದಷ್ಟು ಮಿಗಿಲಾಗಿರಬಹುದು. ಎರಡನೆಯ ಅಳತೆ ತೂಕದ್ದು. ಒಂದೊಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿಯ ಮೇಲೆ ಮುಚ್ಚಳವಿರುವ ಡಬ್ಬಿಯನ್ನಿಟ್ಟು, ಅದರೊಳಗೆ ಹಾವನ್ನು ಬಿಟ್ಟು ತೂಗಿ, ಡಬ್ಬಿಯ ತೂಕವನ್ನು ಕಳೆಯಿರಿ. ಮರಿಗಳ ವಿಷಯದಲ್ಲಿ ಒಂದು ಹೊತ್ತಿನ ಆಹಾರವು ಹಾವಿನ ತೂಕದ ಶೇಕಡಾ 10ರಿಂದ 15ರಷ್ಟಿದ್ದರೆ ಸಾಕು; ಆಗತಾನೆ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಇದು ಇನ್ನೂ ಸ್ವಲ್ಪ ಹೆಚ್ಚಾಗುವುದುಂಟು, ಏಕೆಂದರೆ ಸಿಗುವ ಅತಿ ಸಣ್ಣ ಇಲಿಮರಿಯೂ ಅಷ್ಟು ತೂಗುತ್ತದೆ. ಕಣ್ಣಂದಾಜಿಗಿಂತ ತಕ್ಕಡಿಯನ್ನು ನಂಬುವುದು ಲೇಸು. ತಿಂದ ಮರುದಿನ ತೂಗಿದರೆ ಇಲಿಯ ತೂಕವೂ ಸೇರಿಬಿಡುವುದರಿಂದ, ಯಾವಾಗಲೂ ಆಹಾರ ಕೊಡುವ ಮೊದಲೇ ತೂಗಬೇಕು.

ಕಾರ್ನ್ ಸ್ನೇಕ್ ಮರಿ ಹುಟ್ಟುವಾಗ ಸಾಮಾನ್ಯವಾಗಿ 5ರಿಂದ 8 ಗ್ರಾಂ ತೂಗುತ್ತದೆ. ಅಂಗಡಿಗಳಲ್ಲಿ ಪಿಂಕಿ ಎಂದು ಮಾರುವ, ಇನ್ನೂ ಕೂದಲು ಮೂಡದ, ಒಂದೆರಡು ಗ್ರಾಮಿನ ಸುಂಡಿಲಿಮರಿ ಅದರ ಮೊದಲ ಆಹಾರ. ಐದರಿಂದ ಏಳು ದಿನಗಳಿಗೊಮ್ಮೆ ಒಂದು ಮರಿಯನ್ನು ಕೊಡುತ್ತ ಹೋದರೆ ಹಾವು ಬೆಳೆದಂತೆ ಅದು ಸಾಲದಾಗುತ್ತದೆ. ಆಗ ಒಮ್ಮೆಗೆ ಎರಡು ಪಿಂಕಿ ಕೊಡಬಹುದು. ಮುಂದಿನ ಹಂತದ ಫಜ್ಜಿ, ಅಂದರೆ ನವಿರು ಕೂದಲು ಮೂಡಿದ 3ರಿಂದ 5 ಗ್ರಾಮಿನ ಮರಿ, ಇನ್ನೂ ದಪ್ಪವೆನಿಸುತ್ತಿದ್ದರೆ ಈ ಉಪಾಯ ಬಹಳ ಸುರಕ್ಷಿತ. ಫಜ್ಜಿಯ ನಂತರ ಕಣ್ಣು ತೆರೆದು ಓಡಾಡುವ ವಯಸ್ಸಿನ ಹಾಪರ್, ಕೊನೆಗೆ ಬೆಳೆದ ಸುಂಡಿಲಿ. ಈ ಹೆಸರುಗಳು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುವುದರಿಂದ, ಹೆಸರಿನ ಜೊತೆಗೆ ಪೊಟ್ಟಣದ ಮೇಲಿನ ಗ್ರಾಂ ಲೆಕ್ಕವನ್ನೂ ಓದಿ ಕೊಳ್ಳಬೇಕು.

ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಮರಿಗೆ ಇದೇ ಪಟ್ಟಿ ಹೊಂದುವುದಿಲ್ಲ. ಅದು ಹುಟ್ಟುವಾಗಲೇ ಸುಮಾರು 50ರಿಂದ 80 ಗ್ರಾಂ ಇರುವುದರಿಂದ, ಪಿಂಕಿ ಅದಕ್ಕೆ ಏನೂ ಸಾಲದು. ಹಾಪರ್ ಸುಂಡಿಲಿಯಿಂದಲೋ ಅಷ್ಟೇ ತೂಕದ, ದೊಡ್ಡ ಜಾತಿಯ ಇಲಿಯ (ರ‍್ಯಾಟ್) ಮರಿಯಿಂದಲೋ ಆರಂಭಿಸಬೇಕು.

ಗಾತ್ರ ಸರಿಯಾಗಿದೆಯೇ ಎಂಬುದನ್ನು ಹಾವೇ ತಿಳಿಸುತ್ತದೆ. ತಿಂದ ಮೇಲೆ ನಡುಮೈಯಲ್ಲಿ ಸಣ್ಣ ಉಬ್ಬು ಕಂಡು, ಒಂದೆರಡು ದಿನಗಳಲ್ಲಿ ಇಳಿದುಹೋದರೆ ಗಾತ್ರ ಹಿತವಾಗಿದೆ ಎಂದರ್ಥ. ಉಬ್ಬೇ ಕಾಣದಿದ್ದು, ಹಾವು ಮತ್ತೆ ಮತ್ತೆ ಆಹಾರ ಹುಡುಕುತ್ತ ತಿರುಗಾಡುತ್ತಿದ್ದರೆ ಮುಂದಿನ ಗಾತ್ರದ ಬಗ್ಗೆ ಯೋಚಿಸಬಹುದು. ಚರ್ಮ ಬಿಗಿದು ಹುರುಪೆಗಳ ನಡುವಿನ ಸಂದು ಎದ್ದು ಕಾಣುವಷ್ಟು ಉಬ್ಬಿದ್ದರೆ, ಅಥವಾ ಕೆಲವು ದಿನಗಳಾದರೂ ಉಬ್ಬು ಹಾಗೆಯೇ ಉಳಿದರೆ, ಆ ಗಾತ್ರವನ್ನು ಪುನಃ ಕೊಡಬಾರದು.

ಅತಿ ದೊಡ್ಡ ಆಹಾರದಿಂದ ಒದಗುವ ಮುಖ್ಯ ಅಪಾಯವೆಂದರೆ ಹಾವು ನುಂಗಿದ್ದನ್ನು ಕಕ್ಕಿಬಿಡುವುದು. ಹಾವಿಗೆ ತನ್ನದೇ ಆದ ಮೈಶಾಖವಿಲ್ಲ. ಜೀರ್ಣಕ್ರಿಯೆ ನಡೆಯಲು ಹೊರಗಿನ ಬಿಸಿ ಬೇಕು. ಜೀರ್ಣರಸವು ಇಲಿಯ ಒಳಭಾಗವನ್ನು ತಲುಪುವ ಮೊದಲೇ ಅದು ಹೊಟ್ಟೆಯಲ್ಲಿ ಕೊಳೆಯಲಾರಂಭಿಸಿದರೆ ಹಾವು ಅದನ್ನು ಹೊರಹಾಕುತ್ತದೆ, ಜೊತೆಗೆ ನೀರಿನಂಶವನ್ನೂ ಜೀರ್ಣರಸವನ್ನೂ ಕಳೆದುಕೊಳ್ಳುತ್ತದೆ. ಕೆಲವೇ ಗ್ರಾಂ ತೂಗುವ ಮರಿಗೆ ಇದು ಪ್ರಾಣಾಂತಿಕವಾಗಬಹುದು. ಆದುದರಿಂದ ಕಾರ್ನ್ ಸ್ನೇಕ್ ಗೂಡಿನ ಬೆಚ್ಚನೆಯ ಬದಿ ಸುಮಾರು 29ರಿಂದ 31 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಬೇಕು, ಮತ್ತು ತಿಂದ 48 ಗಂಟೆಗಳವರೆಗೆ ಅದನ್ನು ಕೈಗೆತ್ತಿಕೊಳ್ಳಬಾರದು. ಕಕ್ಕಿದ ತಕ್ಷಣ, ಪಾಪ ಹಸಿದಿದೆಯೆಂದು ಮತ್ತೆ ಕೊಡುವುದು ದಯೆಯಿಂದಲೇ ಆಗುವ ತಪ್ಪು. ಕುಡಿಯುವ ನೀರನ್ನಿಟ್ಟು, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಹಿಂದಿನ ಅರ್ಧದಷ್ಟು ಸಣ್ಣದನ್ನು ಕೊಡಿ. ಎರಡನೆಯ ಬಾರಿಯೂ ಕಕ್ಕಿದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು.

ಹಾವು ಆಹಾರ ನಿರಾಕರಿಸಿದಾಗಲೆಲ್ಲ ಗಾತ್ರವನ್ನೇ ದೂರಬೇಕಾಗಿಲ್ಲ. ಪೊರೆ ಬಿಡುವ ಮುನ್ನ ಕಣ್ಣು ಮಬ್ಬಾದಾಗ ಅನೇಕ ಹಾವುಗಳು ತಿನ್ನುವುದಿಲ್ಲ. ಹೊಸ ಮನೆಗೆ ಬಂದ ಮೊದಲ ವಾರದಲ್ಲಿಯೂ ಹಾಗೆಯೇ. ಘನೀಕರಿಸಿದ ಇಲಿಯನ್ನು ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಿನಲ್ಲಿ ಪೂರ್ತಿ ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಬೇಕು; ಒಳಗೆ ತಣ್ಣಗೆ ಉಳಿದ ಇಲಿ ಸರಿಯಾದ ಗಾತ್ರದ್ದಾಗಿದ್ದರೂ ಸರಿಯಾಗಿ ಜೀರ್ಣವಾಗದೆ ಹೋಗಬಹುದು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಲ್ಲದು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವುದನ್ನು ನೋಡುತ್ತ ಬೆಳೆದ ಹಿರಿಯರು ಮರಿಗೆ ಹಾಲು ಕೊಡಿರೆಂದು ಹೇಳಬಹುದು; ಹಾಲು ಹಾವಿನ ಆಹಾರವಲ್ಲ. ಹಾಗೆಯೇ, ದೊಡ್ಡ ಇಲಿಯ ಬದಲಿಗೆ ಕೋಳಿಮಾಂಸದ ತುಂಡು ಕೊಡುವುದೂ ಸಲ್ಲದು; ಮೂಳೆ, ಯಕೃತ್ತುಗಳ ಸಮೇತ ಇಡೀ ಪ್ರಾಣಿಯನ್ನು ನುಂಗಿದಾಗ ಮಾತ್ರ ಬೆಳೆಯುವ ಮರಿಗೆ ಬೇಕಾದ ಸುಣ್ಣದಂಶವೂ ಜೀವಸತ್ವಗಳೂ ದೊರೆಯುತ್ತವೆ.