ಮೊಣಕಾಲಿನೊಳಗೆ ಸಿಮೆಂಟ್ ಲೋಹವನ್ನು ಹಿಡಿಯುವ ಬಗೆ

"ಮನಿಗೆ ಹಾಕೋ ಸಿಮೆಂಟೇ ಏನ್ರೀ ಸಾಹೇಬ್ರ?" ಕೀಲು ಬದಲಾವಣೆಗೆ ಬರುವ ಬೀದರ್ ಕಡೆಯ ಹಿರಿಯರು ನನ್ನನ್ನು ಕೇಳುವ ಮೊದಲ ಮಾತು ಇದು. ಅಲ್ಲ, ಲೋಹದ ಕೀಲನ್ನು ಎಲುಬಿಗೆ ಹಿಡಿಸುವ ಈ ಸಿಮೆಂಟ್ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಹಲ್ಲಿನ ಸೆಟ್ಟಿನ ಗುಲಾಬಿ ಒಸಡು ಕೂಡ ಇದೇ ಜಾತಿಯದು. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ 1958ರಲ್ಲಿ ಇದನ್ನು ಸೊಂಟದ ಕೀಲಿಗೆ ಬಳಸಿದರು.

ಹೆಸರು ಸಿಮೆಂಟ್ ಆದರೂ ಇದಕ್ಕೆ ಗೋಂದಿನ ಗುಣ ಕಡಿಮೆ. ನಮ್ಮೂರ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸತು-ತಾಮ್ರದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊರೆದ ಗೆರೆಯೇ ಬೆಳ್ಳಿಯನ್ನು ಕಚ್ಚಿ ಹಿಡಿಯುತ್ತದೆ. ಎಲುಬಿನ ಸಿಮೆಂಟೂ ಹಾಗೇ: ಒಂದು ಕಡೆ ಎಲುಬಿನ ರಂಧ್ರಗಳಿಗೆ, ಇನ್ನೊಂದು ಕಡೆ ಲೋಹದ ಒರಟು ಮೈಗೆ ಇಳಿದು ಗಟ್ಟಿಯಾಗುತ್ತದೆ.

ಮೊದಲು ಎಲುಬು ತೊಳೆಯಬೇಕು. ಕತ್ತರಿಸಿದ ಜಾಗದ ರಂಧ್ರಗಳಲ್ಲಿ ರಕ್ತ, ಕೊಬ್ಬು ತುಂಬಿರುತ್ತವೆ. ಸಲೈನ್ ನೀರನ್ನು ರಭಸದಿಂದ ಚಿಮ್ಮಿಸಿ ತೆಗೆದು ಒಣಗಿಸಿದರೆ ಸಿಮೆಂಟ್ 3ರಿಂದ 5 ಮಿಲಿಮೀಟರ್ ಒಳಗಿಳಿಯುತ್ತದೆ.

ಆಮೇಲೆ ಕಲಸುವುದು. ಸಾಮಾನ್ಯವಾಗಿ 40 ಗ್ರಾಂ ಪುಡಿಗೆ 20 ಮಿಲಿಲೀಟರ್ ದ್ರವ. ಪುಡಿಯಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ ದ್ರವದ ವೇಗವರ್ಧಕಕ್ಕೆ ತಾಗಿದ ಗಳಿಗೆಯಿಂದಲೇ ಗಟ್ಟಿಯಾಗುವ ಕೆಲಸ ಶುರು. ಸೆಖೆಯಲ್ಲಿ ಅದು ಇನ್ನೂ ಬೇಗ. ನಮ್ಮ ಕಡೆಯ ಮೇ ತಿಂಗಳಲ್ಲಿ ಸ್ಟೋರ್ ರೂಮಿನ ಬಿಸಿ ಪ್ಯಾಕೆಟ್ ನೇರ ತಂದು ಒಡೆಯಬಾರದು. ಹಿಂದಿನ ದಿನವೇ ಎ.ಸಿ. ಇರುವ ಆಪರೇಷನ್ ಕೋಣೆಯಲ್ಲಿ ಇಟ್ಟಿರಬೇಕು.

ಇನ್ನು ಲೋಹ. ನನ್ನ ಅನುಭವದಲ್ಲಿ ಅವಸರಕ್ಕೆ ಬಲಿಯಾಗುವುದು ಈ ಹಂತವೇ. ಸಿಮೆಂಟ್ ಇನ್ನೂ ಜಿಗುಟಾಗಿರುವಾಗಲೇ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಲೋಹದ ಕೀಲಿನ, ತಳಕ್ಕೆ ಒತ್ತಿ ಹಚ್ಚಬೇಕು. ತಡವಾದರೆ ಅದು ಕಣಕದಂತಾಗಿ, ಒರಟು ಮೈಯೊಳಗೆ ಇಳಿಯದೆ ಮೇಲೆ ಕೂರುತ್ತದೆ. ಕೈಗವಸು ಬದಲಿಸಿಯೇ ಲೋಹ ಮುಟ್ಟಬೇಕು. ಮಜ್ಜೆಯ ಕೊಬ್ಬು ತೆಳ್ಳಗೆ ಸವರಿದರೂ ಹಿಡಿತ ಬಹಳ ಕುಗ್ಗುತ್ತದೆ. ಮರು ಆಪರೇಷನ್ನಿಗೆ ಬಂದಿದ್ದ ಒಂದು ಮೊಣಕಾಲು ತೆರೆದಾಗ ಲೋಹದ ತಟ್ಟೆ ಹಾಗೇ ಕೈಗೆ ಬಂತು. ಸಿಮೆಂಟ್ ಪೂರ್ತಿ ಎಲುಬಿನಲ್ಲೇ ಇತ್ತು, ತಟ್ಟೆಯ ತಳ ಮಾತ್ರ ಸ್ವಚ್ಛ. ಆ ತಾಯಿ ಎರಡು ವರ್ಷ ನೋವು ಅಂತ ಅಲೆದಿದ್ದರು. ಅಂದಿನಿಂದ ನಾನು ಲೋಹವನ್ನು ಕೊನೆಯವರೆಗೂ ಪ್ಯಾಕೆಟ್ಟಿನಿಂದ ತೆಗೆಸುವುದಿಲ್ಲ.

(ಸೊಂಟದ ಕೀಲಿನಲ್ಲಿ ಕನ್ನಡಿಯಂತೆ ನುಣುಪಾದ, ಬೆಣೆಯಾಕಾರದ ಲೋಹದ ದಂಡಗಳೂ ಇವೆ. ಅವು ಸಿಮೆಂಟಿಗೆ ಅಂಟಬೇಕಿಲ್ಲ. ಸ್ವಲ್ಪ ಕೆಳಗಿಳಿದು ಸಿಮೆಂಟಿನೊಳಗೆ ಬಿಗಿಯಾಗುತ್ತವೆ.)

ಕೊನೆಗೆ, ಅಲುಗಾಡಿಸದೆ ಹಿಡಿಯುವುದು. ಫರ್ಸಿ ಕೂರಿಸಿದ ಗೌಂಡಿ "ಕಾಲಿಡಬ್ಯಾಡ್ರಿ" ಅನ್ನುವುದು ಯಾಕೋ ಇದೂ ಅದಕ್ಕೇ. ಈ ಹೊತ್ತಿನಲ್ಲಿ ಮೊಣಕಾಲು ಮಡಚಿದರೆ ಕೊಬ್ಬು ಲೋಹದಡಿಗೆ ನುಗ್ಗುತ್ತದೆ. ಉಳಿದ ಸಿಮೆಂಟಿನ ಉಂಡೆ ಬಿಸಿಯೇರಿ, ಟೇಬಲ್ಲಿಗೆ ಬಡಿದರೆ ಟಕ್ ಅನ್ನುವವರೆಗೆ ಕಾಲು ನೆಟ್ಟಗೆ ಹಿಡಿದಿರುತ್ತೇವೆ. ಕಲಸಿದ್ದರಿಂದ ಇಲ್ಲಿಗೆ ಹತ್ತು ಹದಿನೈದು ನಿಮಿಷ.

"ನೀರ್ ಹೊಡೀಬೇಕೇನ್ರೀ?" ಎಂದು ರೋಗಿಯ ಮಕ್ಕಳು ಕೇಳುತ್ತಾರೆ. ಬೇಕಿಲ್ಲ. ಸಾಮಾನ್ಯವಾಗಿ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತೇವೆ.